ಹೆಸರು ಸೇರಿಸಿ ಹಾಡುವ ಹಾಡು

ಪ್ರೀತಿಪಾತ್ರರ ಹೆಸರು ಹಾಕಿದ ಹಾಡೊಂದನ್ನು ಉಡುಗೊರೆ ಕೊಡುವುದು ಈಗಿನ ಹೊಸ ಷೋಕಿ. ಕಂಪ್ಯೂಟರೇ ಪದ್ಯ ಕಟ್ಟಿ, ರಾಗ ಕೂಡಿಸಿ ಮೊಬೈಲಿಗೆ ಕಳುಹಿಸುತ್ತದೆ. ನಮ್ಮವರಿಗಾದರೋ ಇದು ಹೊಸತಲ್ಲ. ಶೋಭಾನೆಯಲ್ಲಿ ಮದುಮಕ್ಕಳ ಹೆಸರನ್ನೂ ಜೋಗುಳದಲ್ಲಿ ಕಂದನ ಹೆಸರನ್ನೂ ಸೇರಿಸಿ ಹಾಡಿದವರು ನಮ್ಮ ಅಜ್ಜಿಯಂದಿರು.

ಕೊಯಮತ್ತೂರಿನ ಉತ್ತರಕ್ಕೆ, ಸತ್ಯಮಂಗಲ ರಸ್ತೆಯಲ್ಲಿರುವ ಶರವಣಂಪಟ್ಟಿ ಇಂದು ಕಂಪ್ಯೂಟರ್ ಕಂಪೆನಿಗಳ ಊರು. ಆ ಜಿಲ್ಲೆಯ ದೇವಾಂಗ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡದ ಮಾತಿದೆ. ಓದುಬರಹ ಮಾತ್ರ ತಮಿಳು. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ನಮಗೆ ಕನ್ನಡ ಶಾಲೆಯಾದರೂ ಇದೆ, ಪತ್ರಿಕೆಯಾದರೂ ಇದೆ. ಅಲ್ಲಿ ಅಜ್ಜಿಯ ನಾಲಗೆಯೇ ಪಾಠಶಾಲೆ. ಆಕೆಯ ಹಾಡು ನಿಂತರೆ ಮನೆಯ ಕನ್ನಡದ ಒಂದು ಪಾಲೂ ಹೋದಂತೆ.

ಆದ್ದರಿಂದ ನಾವು ಹೇಳುವುದಿಷ್ಟೆ. ಶರವಣಂಪಟ್ಟಿಯಲ್ಲಿ ದುಡಿಯುವ ತರುಣನಾಗಲಿ, ನಮ್ಮೂರಿನವನಾಗಲಿ, ತಂಗಿಯ ಮದುವೆಗೆ ಹಾಡು ಬೇಕೆಂದರೆ ಮೊದಲು ಅಜ್ಜಿಯ ಬಳಿ ಕುಳಿತುಕೊಳ್ಳಲಿ. ಆಕೆ ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದಿಡಲಿ. ಅದೇ ಧಾಟಿಗೆ ತಂಗಿಯ ಹೆಸರು, ತವರಿನ ಅಂಗಳ, ಬಾಲ್ಯದ ತುಂಟತನ ಸೇರಿಸಿ ನಾಲ್ಕು ಸಾಲು ಕಟ್ಟಲಿ. ತಮಿಳು ಲಿಪಿಯಲ್ಲಿ ಬರೆದುಕೊಂಡರೂ ದೋಷವಿಲ್ಲ. ಯಾರಿಗೂ ಹೇಳದೆ, ಧಾರೆ ಮುಗಿದೊಡನೆ ಅಜ್ಜಿಯೊಂದಿಗೆ ನಿಂತು ಹಾಡಿಬಿಡಲಿ. ಮದುಮಗಳಿಗೆ ಅದಕ್ಕಿಂತ ದೊಡ್ಡ ಅಚ್ಚರಿ ಬೇರೆ ಬೇಕೆ? ಮನೆಯಲ್ಲಿ ಆ ಹಾಡು ಬಲ್ಲವರೂ ಒಬ್ಬರು ಹೆಚ್ಚಾಗುತ್ತಾರೆ.