ಪರದೆ ಖಾಲಿ ಅಂದ್ರೆ ಕಡಲು ಖಾಲಿ ಅಲ್ಲ

ಒಟಿಜಿ ಕೇಬಲ್ಲಿನಲ್ಲಿ ಮೊಬೈಲ್‌ಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಿಕ್ಕಿಸಿ, ಉಚಿತ ‘ಎಐಎಸ್-ಕ್ಯಾಚರ್’ ಆ್ಯಪ್ ತೆರೆದರೆ, ಹಡಗುಗಳು ರೇಡಿಯೋದಲ್ಲಿ ಸಾರುವ ಹೆಸರು, ಜಾಗ, ವೇಗ ನಕ್ಷೆ ಮೇಲೆ ಬರುತ್ತವೆ. ಭಟ್ಕಳ, ಹೊನ್ನಾವರ, ಕುಮಟಾದ ಹುಡುಗರು ಇದನ್ನು ಖಂಡಿತ ಕಲಿಯಲಿ. ಆದರೆ ದಡದಲ್ಲಿ ಕಾಯುವ ಮನೆಯವರಿಗೆ ‘ಆ್ಯಪಲ್ಲಿ ಬೋಟ್ ಕಾಣ್ತಿಲ್ಲ’ ಅನ್ನಬೇಡಿ.

ಕಾಣದಿರಲು ಕಾರಣ ಹಲವು. ಎಐಎಸ್ ಸಂಕೇತ ಬರುವುದು 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ, ಗುಡ್ಡ ಅಡ್ಡ ಬಂದರೆ ಮುಗೀತು. ಮನೆಯೊಳಗೆ ಟಿವಿ ಪಕ್ಕ ಆಂಟೆನಾ ಇಟ್ಟು ಕಡಲನ್ನು ಕೇಳುತ್ತೀರಾ? ಸುಮಾರು 46 ಸೆಂ.ಮೀ. ಕಡ್ಡಿಯನ್ನು ನೆಟ್ಟಗೆ, ಹೊರಗೆ, ಎತ್ತರದಲ್ಲಿ ನಿಲ್ಲಿಸಿ. ಲಿನಕ್ಸ್ ಲ್ಯಾಪ್‌ಟಾಪಾದರೆ ಅದರ ಟಿವಿ ಡ್ರೈವರ್ ಡಾಂಗಲನ್ನು ಮೊದಲೇ ಹಿಡಿದಿರುತ್ತದೆ, ಬಿಡಿಸಿ. (ಅರ್ಧ ಜನ ಇಲ್ಲೇ ಡಾಂಗಲ್ ಹಾಳು ಅಂತ ಎಸೆಯುತ್ತಾರೆ.) ಇಷ್ಟಾದರೂ ಎಐಎಸ್ ಪೆಟ್ಟಿಗೆಯೇ ಇಲ್ಲದ ದೋಣಿ ಎಂದೂ ಕಾಣದು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ದಲ್ಲಿ ಏಳು ಮಂದಿ; ಐವರು ನಮ್ಮ ಜಿಲ್ಲೆಯವರು. ಮಾಲ್ವಣ ಸಮುದ್ರದಲ್ಲಿ ಅವಶೇಷ ಸಿಕ್ಕ ಸುದ್ದಿ ಬಂದದ್ದು 2019ರ ಮೇನಲ್ಲಿ. ಅಲ್ಲಿಯತನಕ ಆ ಮನೆಗಳು ನುಂಗಿದ್ದು ಬರೀ ಗಾಳಿಮಾತು. ಇನ್ನೊಂದು ಮನೆಗೆ ನಿಮ್ಮ ಸ್ಕ್ರೀನ್‌ಶಾಟ್ ಹೋಗುವ ಮೊದಲು ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ.