ಓಟದ ಪಾದರಕ್ಷೆ

ನಾವು ಮೂವತ್ತು ವರ್ಷಗಳ ಕಾಲ ಶಾಲೆಯಲ್ಲಿ ಹುಡುಗರಿಂದ ‘ಉಪಾನಹ್’ ಶಬ್ದದ ರೂಪಗಳನ್ನು ಬಾಯಿಪಾಠ ಮಾಡಿಸಿದೆವು. ಹಕಾರಾಂತವಾದ ಈ ಸ್ತ್ರೀಲಿಂಗ ಶಬ್ದವು ಪ್ರಥಮಾ ಏಕವಚನದಲ್ಲಿ ‘ಉಪಾನತ್’ ಎಂದಾಗುವುದನ್ನು ವಿವರಿಸಿದೆವು; ‘ನಹ್’ ಎಂಬ ಧಾತುವಿಗೆ ಕಟ್ಟುವುದೆಂದು ಅರ್ಥವೆಂದೂ, ಕಾಲಿಗೆ ಕಟ್ಟಿಕೊಳ್ಳತಕ್ಕದ್ದಾದುದರಿಂದ ಪಾದರಕ್ಷೆಗೆ ಆ ಹೆಸರು ಬಂದಿತೆಂದೂ ತಿಳಿಸಿದೆವು. ಆದರೆ ಆ ಶಬ್ದವು ಸೂಚಿಸುವ ವಸ್ತುವನ್ನು ಕುರಿತು ಒಂದು ದಿನವಾದರೂ ನೆಟ್ಟಗೆ ಯೋಚಿಸಿದವರಲ್ಲ. ಶಬ್ದವನ್ನು ಬಲ್ಲವನು ಅರ್ಥವನ್ನೂ ಬಲ್ಲನೆಂದು ನಂಬಲಾಗದು. ಈ ಪಾಠವನ್ನು ನಮಗೆ ಕಲಿಸಿದವಳು ನಮ್ಮ ಮನೆಯ ಸೊಸೆ.

ಕಳೆದ ವರ್ಷ ವೈದ್ಯರು ಆಕೆಯ ರಕ್ತವನ್ನು ಪರೀಕ್ಷಿಸಿ, ಸಕ್ಕರೆಯ ಅಂಶವು ಮಿತಿಯ ಅಂಚಿಗೆ ಬಂದಿದೆಯೆಂದೂ, ದಿನವೂ ವ್ಯಾಯಾಮ ತಪ್ಪಕೂಡದೆಂದೂ ಹೇಳಿದರು. ಆಕೆ ಬೆಳಗಿನ ಜಾವದಲ್ಲೆದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮೊದಲು ನಡೆದು, ಕ್ರಮೇಣ ನಿಧಾನವಾಗಿ ಓಡಲು ತೊಡಗಿದಳು. ಕಾಲಿಗೆ ಏನು ಎಂಬ ಪ್ರಶ್ನೆ ಬಂದಾಗ ನಮ್ಮ ಮಗನು ಕಾಲೇಜಿನ ದಿನಗಳಲ್ಲಿ ಹಾಕಿಕೊಂಡಿದ್ದ ಹಳೆಯ ಕ್ಯಾನ್ವಾಸ್ ಷೂಗಳನ್ನು ಅಟ್ಟದಿಂದ ಇಳಿಸಿ ಕೊಟ್ಟವರು ನಾವೇ. “ಮುಂದುಗಡೆ ಸ್ವಲ್ಪ ಬಟ್ಟೆ ತುರುಕಿಕೋ ತಾಯಿ, ಸಾಕು. ನಾವು ಬರಿಗಾಲಿನಲ್ಲೇ ಮೂರು ಮೈಲಿ ನಡೆದು ಓದಿದವರು” ಎಂದು ದೊಡ್ಡ ಮಾತನ್ನೂ ಆಡಿದೆವು. ಆಕೆ ಮರುಮಾತಾಡಲಿಲ್ಲ.

ಎರಡು ತಿಂಗಳಾದ ಮೇಲೆ ಆಕೆ ಗೋಡೆಯನ್ನು ಹಿಡಿದುಕೊಂಡು ಮೆಟ್ಟಿಲಿಳಿಯುವುದನ್ನು ನಮ್ಮ ಮನೆಯವರು ಕಂಡು ವಿಚಾರಿಸಿದರು. ಮೊಳಕಾಲಿನಿಂದ ಕೆಳಗೆ ಮೂಳೆಯುದ್ದಕ್ಕೂ ನೋವು. ಹೇಳಿದರೆ ದುಡ್ಡಿನ ಖರ್ಚೆಂದು ಸುಮ್ಮನಿದ್ದಳಂತೆ. ನಮಗೆ ನಾಚಿಕೆಯಾಯಿತು. ಅಂದು ಸಂಜೆಯೇ ಆಕೆಯನ್ನು ಒಂದು ದೊಡ್ಡ ಅಂಗಡಿಗೆ ಕರೆದೊಯ್ದೆವು. ಅಲ್ಲಿ ಯಂತ್ರವೊಂದರ ಮೇಲೆ ನಿಲ್ಲಿಸಿ ಪಾದದ ಗುರುತನ್ನು ಬಣ್ಣಬಣ್ಣವಾಗಿ ತೋರಿಸಿ, “ಇವರ ಕಾಲು ಒಳಮಗ್ಗುಲಿಗೆ ಹೊರಳುತ್ತದೆ, ಇದು ದೋಷ, ತಿದ್ದುವ ಬೂಟೇ ಬೇಕು” ಎಂದು ಅಲ್ಲಿನ ತರುಣನು ಅಂಗಡಿಯಲ್ಲೆಲ್ಲ ದುಬಾರಿಯಾದ, ಗಡುಸಾದ ಒಂದು ಜೊತೆಯನ್ನು ಮುಂದಿಟ್ಟನು. ಸೊಸೆಯು ನಮ್ಮ ಕಡೆಗೆ ತಿರುಗಿ, “ಮಾವ, ನನ್ನ ಕಾಲೇ ಸರಿಯಿಲ್ಲವಂತೆ. ಓಡುವುದು ನನ್ನಂಥವರಿಗಲ್ಲ, ಮನೆಗೆ ಹೋಗೋಣ” ಎಂದಳು. ಆ ಮಾತು ನಮ್ಮನ್ನು ಚುಚ್ಚಿತು. ಏನನ್ನೂ ಕೊಳ್ಳದೆ ಹಿಂದಿರುಗಿ, ಈ ‘ದೋಷ’ವೆಂದರೇನೆಂದು ತಿಳಿಯಲು ಓದತೊಡಗಿದೆವು. ಓದಿ ತಿಳಿದುದನ್ನು ವಾಚಕರ ಮುಂದಿಡುವೆವು. ಇಂಥ ಮಾತನ್ನು ಕೇಳಿ ಮನೆಗೆ ಮರಳಿದವರು ಇನ್ನೆಷ್ಟು ಮಂದಿಯೋ!

ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡು ಮೂರು ಪಟ್ಟು ಭಾರವು ಒಂದೇ ಕಾಲಿನ ಮೇಲೆ ಬೀಳುತ್ತದೆ. ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆಗಳು. ಈ ಪೆಟ್ಟನ್ನು ಸಹಿಸುವುದಕ್ಕಾಗಿಯೇ ಪಾದವು ನೆಲ ಮುಟ್ಟಿದೊಡನೆ ಸ್ವಲ್ಪ ಒಳಮಗ್ಗುಲಿಗೆ ಹೊರಳುತ್ತದೆ. ಇದು ದೋಷವಲ್ಲ, ಸೃಷ್ಟಿಯ ಏರ್ಪಾಡು. ಕೆಲವರಲ್ಲಿ ಈ ಹೊರಳು ಹೆಚ್ಚು, ಕೆಲವರಲ್ಲಿ ಕಡಿಮೆ. ಅದನ್ನು ತಡೆಯುವುದಕ್ಕೆಂದು ಒಳಮಗ್ಗುಲಲ್ಲಿ ಗಟ್ಟಿ ಆಧಾರವಿಟ್ಟು ಮಾಡಿದ ಪಾದರಕ್ಷೆಗಳುಂಟು. ಅಂಥ ಆಧಾರವಿಲ್ಲದೆ ಕಾಲನ್ನು ಅದರ ಪಾಡಿಗೆ ಬಿಡುವುದಕ್ಕೆ ‘ನ್ಯೂಟ್ರಲ್’ ಎಂದು ಹೆಸರು. ಇದನ್ನು ನಾವು ‘ತಟಸ್ಥ’ವೆಂದು ಕರೆಯೋಣ. ತಟದಲ್ಲಿ ನಿಂತವನು ಹೊಳೆಯ ಹರಿವನ್ನು ತಿದ್ದಲು ಹೋಗುವುದಿಲ್ಲವಷ್ಟೆ.

ಹೊರಳುವ ಕಾಲಿಗೆ ತಟಸ್ಥ ಪಾದರಕ್ಷೆಯು ಅಪಾಯಕರವೆಂಬ ನಂಬಿಕೆ ಬಹುಕಾಲ ಇದ್ದಿತು. 2014ರಲ್ಲಿ ಡೆನ್ಮಾರ್ಕಿನ ವಿದ್ವಾಂಸರು, ಹೊಸದಾಗಿ ಓಟಕ್ಕೆ ತೊಡಗಿದ 927 ಮಂದಿಗೆ ತಟಸ್ಥ ಪಾದರಕ್ಷೆಗಳನ್ನೇ ಕೊಟ್ಟು ಒಂದು ವರ್ಷ ನೋಡಿದುದನ್ನು ಪ್ರಕಟಿಸಿದರು. ಪಾದವು ಒಳಕ್ಕೆ ಹೊರಳುವವರಿಗೆ ಹೆಚ್ಚು ಗಾಯಗಳಾಗಲಿಲ್ಲ. ಅಮೆರಿಕದ ಸೈನ್ಯಗಳಲ್ಲಿಯೂ ಹೊಸಬರ ಪಾದದ ಆಕಾರವನ್ನು ನೋಡಿ ಬೂಟು ಹಂಚಿ ಪರೀಕ್ಷಿಸಿದರು. ಹಾಗೆ ಹಂಚಿದುದರಿಂದ ಗಾಯಗಳೇನೂ ಕಡಿಮೆಯಾಗಲಿಲ್ಲ.

ಇನ್ನು ಮೆತ್ತನೆಯ ವಿಚಾರ. 2020ರಲ್ಲಿ ಲಕ್ಸೆಂಬರ್ಗಿನವರು 848 ಓಟಗಾರರಲ್ಲಿ ಕೆಲವರಿಗೆ ಮೆತ್ತನೆಯ, ಉಳಿದವರಿಗೆ ಗಡುಸಾದ ಅಟ್ಟೆಯುಳ್ಳ, ನೋಡಲು ಒಂದೇ ತೆರನಾದ ಪಾದರಕ್ಷೆಗಳನ್ನು ಕೊಟ್ಟು ಆರು ತಿಂಗಳು ಗಮನಿಸಿದ ಫಲವನ್ನು ಪ್ರಕಟಿಸಿದರು. ಗಡುಸು ಅಟ್ಟೆಯವರಿಗೆ ಗಾಯದ ಭಯವು ಸುಮಾರು ಒಂದೂವರೆ ಪಟ್ಟಿತ್ತು. ವಿಶೇಷವೇನೆಂದರೆ, ಮೆತ್ತನೆಯ ಅಟ್ಟೆಯ ಪ್ರಯೋಜನವು ಹಗುರ ಮೈಯವರಲ್ಲಿಯೇ ಸ್ಪಷ್ಟವಾಗಿ ಕಂಡಿತು. 2015ರಲ್ಲಿ ಕೆನಡಾ ದೇಶದ ಕ್ಯಾಲ್ಗರಿಯ ವಿದ್ವಾಂಸರಾದ ಬೆನ್ನೊ ನಿಗ್ ಎಂಬವರು ತಮ್ಮ ಸಂಗಡಿಗರೊಡನೆ ಇನ್ನೂ ಸರಳವಾದ ಅಭಿಪ್ರಾಯವನ್ನು ಮಂಡಿಸಿದ್ದರು: ಯಾವುದು ಕಾಲಿಗೆ ಸುಖವೆನಿಸುವುದೋ ಅದನ್ನೇ ಆರಿಸಿಕೊಳ್ಳುವುದು ಕ್ಷೇಮ.

ಬರಿಗಾಲಿನ ಪಕ್ಷದವರೂ ಉಂಟು, ನಾವೂ ಅವರಲ್ಲೊಬ್ಬರಾಗಿದ್ದೆವಲ್ಲವೆ? ಇಥಿಯೋಪಿಯದ ಅಬೆಬೆ ಬಿಕಿಲ ಎಂಬ ವೀರನು 1960ರಲ್ಲಿ ರೋಮ್ ನಗರದ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಿನಲ್ಲೇ ಓಡಿ ಗೆದ್ದನು. ಆದರೆ 1964ರಲ್ಲಿ ಟೋಕಿಯೋದಲ್ಲಿ ಪಾದರಕ್ಷೆ ತೊಟ್ಟು ಓಡಿ, ಮೊದಲಿಗಿಂತ ಕಡಿಮೆ ಹೊತ್ತಿನಲ್ಲಿ ಮತ್ತೆ ಗೆದ್ದವನೂ ಅವನೇ. ಅವನಿಗಿದ್ದ ಅಭ್ಯಾಸಬಲವನ್ನು, ಮನೆಗೆಲಸದ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಓಡುವ ಗೃಹಿಣಿಯಲ್ಲಿ ನಿರೀಕ್ಷಿಸುವುದು ನ್ಯಾಯವಲ್ಲ.

ಪ್ರಕೃತಕ್ಕೆ ಬರೋಣ. ಕೊಳ್ಳಲು ಸಂಜೆಯ ಹೊತ್ತು ಹೋಗಬೇಕು. ದಿನವೆಲ್ಲ ನಿಂತ ಕಾಲು ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೆಯೇ ಊದುತ್ತದೆ. ಓಡುವಾಗ ಹಾಕಿಕೊಳ್ಳುವ ಕಾಲುಚೀಲವನ್ನೇ ಒಯ್ಯತಕ್ಕದ್ದು. ಎರಡು ಪಾದಗಳಲ್ಲಿ ಒಂದು ಕೊಂಚ ದೊಡ್ಡದಿರುವುದು ಸಾಮಾನ್ಯ; ದೊಡ್ಡದರ ಅಳತೆಯೇ ಪ್ರಮಾಣ. ಒಳಗಿನ ತೆಳುಹಾಸನ್ನು ಹೊರತೆಗೆದು ಅದರ ಮೇಲೆ ನಿಂತು ನೋಡಿದರೆ, ಬೆರಳುಗಳು ಅಂಚಿನಿಂದಾಚೆ ಚಾಚುವುವೋ ಇಲ್ಲವೋ ತಿಳಿಯುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ತೆರಪಿರಲಿ. ಹಿಮ್ಮಡಿಯು ಮಾತ್ರ ಜಾರಕೂಡದು. ಸಂಖ್ಯೆಯನ್ನು ನೋಡಿ ಮೋಸಹೋಗಬಾರದು. ಇಂಗ್ಲೆಂಡಿನ 7ಕ್ಕೂ ಅಮೆರಿಕದ 7ಕ್ಕೂ ಅಂತರವುಂಟು, ಒಂದೊಂದು ತಯಾರಕರದೂ ಒಂದೊಂದು ಬಗೆ.

ಮೆತ್ತಗಿರುವುದೆಲ್ಲವೂ ಒಳ್ಳೆಯದೆಂದೂ ಭಾವಿಸಬಾರದು. ಒಂಟಿಕಾಲಿನಲ್ಲಿ ನಿಂತಾಗ ಹಾಸಿಗೆಯ ಮೇಲೆ ನಿಂತಂತೆ ಮೈ ಓಲಾಡಿದರೆ ಅದು ಅತಿಯಾಯಿತು. ಮೆತ್ತನೆಯ ಅಟ್ಟೆಗೆ ಅಗಲವಾದ ತಳವಿರಬೇಕು. ಬಾಗಿಸಿದರೆ ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವಿನಲ್ಲಿ ಮುರಿದಂತೆ ಮಡಿಸಿಕೊಳ್ಳಬಾರದು. ಹಿಮ್ಮಡಿಯ ಕೆಳಗಿನ ಅಟ್ಟೆಯು ಮುಂಗಾಲಿನದಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರವಿರುವುದು ರೂಢಿ. ಈ ಅಂತರವು ತೀರ ಕಡಿಮೆಯಿದ್ದರೆ ಮೀನಖಂಡಕ್ಕೆ ಹೆಚ್ಚು ದುಡಿಮೆ, ಹೊಸಬರಿಗೆ ಅದು ಬೇಡ. ಅಟ್ಟೆಯ ಫೋಮಿನಲ್ಲಿಯೂ ಭೇದಗಳಿವೆ. ‘ಇ.ವಿ.ಎ.’ ಎಂಬುದು ಹಗುರ, ಬೆಲೆಯೂ ಮಿತ, ‘ಟಿ.ಪಿ.ಯು.’ ತೂಕ ಹೆಚ್ಚು, ಬಾಳಿಕೆಯೂ ಹೆಚ್ಚು; ‘ಪೀಬಾ’ ಎಂಬುದು ಪಂದ್ಯದ ಓಟಗಾರರು ಮೆಚ್ಚುವ ದುಬಾರಿ ಬಗೆ. ಮನೆಯ ಓಟಕ್ಕೆ ಮೊದಲನೆಯದೇ ಧಾರಾಳವಾಗಿ ಸಾಕು. ಕೊನೆಯದಾಗಿ, ಅಂಗಡಿಯಲ್ಲಿಯೇ ಹತ್ತು ಹೆಜ್ಜೆ ಓಡಿ ನೋಡಬೇಕು. ನಾಲ್ಕು ದಿನ ತೊಟ್ಟರೆ ಸಡಿಲವಾಗುತ್ತದೆಂಬ ಮಾರಾಟಗಾರನ ಸಮಾಧಾನವನ್ನು ನಂಬಬೇಡಿರಿ. ಅಂಗಡಿಯಲ್ಲಿ ಕಚ್ಚಿದ್ದು ದಾರಿಯಲ್ಲಿಯೂ ಕಚ್ಚುತ್ತದೆ.

ತಂದ ಮೇಲೆ ಜೋಪಾನವೂ ಬೇಕು. ಮಳೆಯಲ್ಲಿ ನೆನೆದರೆ ಒಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ ನೆರಳಿನಲ್ಲಿ ಒಣಗಿಸಿರಿ. ಉರಿಬಿಸಿಲಿಗೆ ಅಂಟೂ ಬಿಡುತ್ತದೆ, ಫೋಮೂ ಕೆಡುತ್ತದೆ. ಸುಮಾರು 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಮೇಲ್ಭಾಗವು ಹೊಸದರಂತೆ ಕಂಡರೂ ಅಟ್ಟೆಯ ಜೀವ ಕುಗ್ಗಿರುತ್ತದೆ. ಅನಂತರ ಅದನ್ನು ಪೇಟೆಗೆ ಹೋಗಲು ಇಟ್ಟುಕೊಳ್ಳಬಹುದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನವು ಕುಂದಿದವರೂ, ಮೂಳೆಯ ನೋವು ಬಿಡದೆ ಕಾಡುವವರೂ ಅಂಗಡಿಗಿಂತ ಮೊದಲು ವೈದ್ಯರಲ್ಲಿಗೆ ಹೋಗತಕ್ಕದ್ದು.

ನಮ್ಮ ಸೊಸೆ ಕೆಲವು ವಾರ ಓಟವನ್ನು ನಿಲ್ಲಿಸಿ ವಿಶ್ರಾಂತಿ ಪಡೆದಳು. ನೋವನ್ನು ಇಳಿಸಿದ್ದು ವಿಶ್ರಾಂತಿಯೇ ಹೊರತು ಬೂಟಲ್ಲ. ಬಳಿಕ ಬೇರೊಂದು ಸಣ್ಣ ಅಂಗಡಿಯಲ್ಲಿ ಐದು ಜೊತೆಗಳನ್ನು ತೊಟ್ಟು ನೋಡಿ, ಮೆತ್ತನೆಯ ತಟಸ್ಥವಾದ ಒಂದನ್ನು ತಾನೇ ಆರಿಸಿದಳು. ಬೆಲೆಯಲ್ಲಿ ಅದು ಮೊದಲು ಕಂಡದ್ದರ ಅರ್ಧಕ್ಕಿಂತ ಕಡಿಮೆ. ಈಗ ವಾರಕ್ಕೆ ನಾಲ್ಕು ದಿನ ಕೆರೆಯ ಏರಿಯ ಮೇಲೆ ಓಡುತ್ತಾಳೆ. ತನ್ನ ಕಾಲು ಸರಿಯಿಲ್ಲವೆಂಬ ಮಾತನ್ನು ಆಕೆ ಮತ್ತೆ ಆಡಿಲ್ಲ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಗಾದೆ. ಖರ್ಚಿನ ವಿಷಯದಲ್ಲಿ ಅದು ಸತ್ಯವೇ. ಆದರೆ ಪಾದರಕ್ಷೆಯ ವಿಷಯದಲ್ಲಿ ಕಾಲೇ ಅಳತೆಗೋಲು. ಒಬ್ಬರ ಕಾಲಿಗೆ ಕೊಂಡದ್ದನ್ನು ಇನ್ನೊಬ್ಬರ ಕಾಲಿಗೆ ತುರುಕುವುದು ಮಿತವ್ಯಯವಲ್ಲ. ಮಹಾಭಾರತದ ಅನುಶಾಸನಪರ್ವದಲ್ಲಿ ಒಂದು ಕಥೆಯಿದೆ. ಜಮದಗ್ನಿಯು ಬಾಣಗಳನ್ನು ಬಿಡುತ್ತ ಆಟವಾಡುತ್ತಿದ್ದನು. ರೇಣುಕೆಯು ಓಡಿ ಓಡಿ ಅವುಗಳನ್ನು ಹೆಕ್ಕಿ ತರುತ್ತಿದ್ದಳು. ನಡುಹಗಲಿನ ಬಿಸಿಲಿಗೆ ತಲೆಯೂ ಪಾದಗಳೂ ಬೆಂದು ಆಕೆ ಮರದ ನೆರಳಿನಲ್ಲಿ ಕ್ಷಣಕಾಲ ನಿಂತಳು. ತಡವೇಕೆಂದು ಮುನಿಯು ಕೋಪಿಸಿಕೊಂಡನು. ಕಾರಣ ತಿಳಿದ ಮೇಲೆ ಆ ಕೋಪವು ಸೂರ್ಯನ ಮೇಲೆ ತಿರುಗಿತು. ಆಗ ಸೂರ್ಯನು ಬಂದು ಕೊಡೆಯನ್ನೂ ಪಾದರಕ್ಷೆಯನ್ನೂ ಕೊಟ್ಟನಂತೆ.

ಈ ಕಥೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆವು; ಪಾದರಕ್ಷೆಯು ಮೊದಲು ಬಂದದ್ದು ಓಡುವ ಗೃಹಿಣಿಯ ಬೆಂದ ಕಾಲಿಗಾಗಿ ಎಂಬುದು ಮಾತ್ರ ಹೊಳೆದಿರಲಿಲ್ಲ. ವಾಚಕ ಮಹಾಶಯರು ಇಂದು ಸಂಜೆ ತಮ್ಮ ಮನೆಯ ಬಾಗಿಲಲ್ಲಿ ಬಿಟ್ಟಿರುವ ಪಾದರಕ್ಷೆಗಳನ್ನೊಮ್ಮೆ ನೋಡಲಿ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದ ಜೊತೆ ಯಾರದೋ, ಮುಂದಿನ ತಿಂಗಳು ಅಂಗಡಿಗೆ ಮೊದಲು ಅವರನ್ನು ಕರೆದುಕೊಂಡು ಹೋಗಲಿ.