ಶಲ್ಕಿ ಗುಜರಿಗೆ ಹೋಗದಿರಲಿ

ಉತ್ತರ ಕನ್ನಡದ ಬಂಧುಗಳಲ್ಲಿ, ಕರಾವಳಿಯ ಎಲ್ಲರಲ್ಲಿ ಒಂದು ಕಳಕಳಿಯ ಮನವಿ. ಭಾರತದಲ್ಲೇ ಕಟ್ಟಿದ ಮೊದಲ ಜಲಾಂತರ್ಗಾಮಿ ಐಎನ್‌ಎಸ್ ಶಲ್ಕಿ. ಜರ್ಮನಿಯ ವಿನ್ಯಾಸ ಹಿಡಿದು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ನಮ್ಮ ಕಾರ್ಮಿಕರೇ ಬೆಸುಗೆ ಹಾಕಿದ ಈ ನೌಕೆ 1992ರ ಫೆಬ್ರವರಿ 7ರಂದು ನೌಕಾಪಡೆ ಸೇರಿತು. ಅದರೊಳಗೆ ಒಂದು ಉಕ್ಕಿನ ಗೋಳವಿದೆ. ನೌಕೆ ಸಮುದ್ರದಡಿ ಸಿಕ್ಕಿಬಿದ್ದರೆ ಸಿಬ್ಬಂದಿ ನಲವತ್ತೂ ಜನ ಅದರೊಳಗೆ ಒತ್ತೊತ್ತಾಗಿ ಕೂತು ಬಾಗಿಲು ಬಿಗಿದುಕೊಳ್ಳಬಹುದು. ಗೋಳ ನೌಕೆಯಿಂದ ಕಳಚಿಕೊಂಡು ನೀರಿನ ಮೇಲಕ್ಕೆ ಬರುತ್ತದೆ. ಮಕ್ಕಳು ಕಣ್ಣಾರೆ ಕಾಣಬೇಕಾದದ್ದು ಇಂಥದ್ದನ್ನು. ಮೂರು ದಶಕ ದಾಟಿದ ಈ ನೌಕೆಗೆ ಇಂದಲ್ಲ ನಾಳೆ ನಿವೃತ್ತಿ ಬಂದೇ ಬರುತ್ತದೆ. ಕದಂಬ ನೌಕಾನೆಲೆಯ ಊರಾದ ಕಾರವಾರಕ್ಕೆ ಅದನ್ನು ತಂದು ವಸ್ತುಸಂಗ್ರಹಾಲಯ ಮಾಡಬೇಕು. ಆದರೆ ತರುವ ಮಾತಿಗೆ ಮುಂಚೆ, ತಂದದ್ದನ್ನು ಉಳಿಸಿಕೊಳ್ಳುವ ಏರ್ಪಾಡು ಆಗಬೇಕು.

ಏಕೆಂದರೆ ಇಂಥ ನೌಕೆಗಳನ್ನು ನಾವು ಕಳೆದುಕೊಂಡದ್ದು ಅಭಿಮಾನ ಸಾಲದೆ ಅಲ್ಲ. 1971ರ ಯುದ್ಧದಲ್ಲಿ ಹೋರಾಡಿದ ವಿಮಾನವಾಹಕ ನೌಕೆ ವಿಕ್ರಾಂತ್ 1997ರಲ್ಲಿ ನಿವೃತ್ತಿಯಾಗಿ, ಮುಂಬೈಯಲ್ಲಿ 2012ರವರೆಗೆ ವಸ್ತುಸಂಗ್ರಹಾಲಯವಾಗಿತ್ತು. ನಿರ್ವಹಣೆಯ ಹೊಣೆ ಹೊರುವವರಿಲ್ಲದೆ 2014ರಲ್ಲಿ ಹರಾಜಾಗಿ ಒಡೆಯಲ್ಪಟ್ಟಿತು. ಅದರ ಉಕ್ಕು ಬೈಕುಗಳ ಪೆಟ್ರೋಲ್ ಟ್ಯಾಂಕ್ ಸೇರಿತು. 2010ರಲ್ಲಿ ನಿವೃತ್ತಿಯಾದ ವಾಗ್ಲಿ ಜಲಾಂತರ್ಗಾಮಿಯನ್ನು ಮಾಮಲ್ಲಪುರದಲ್ಲಿ ಇಡುವ ತಮಿಳುನಾಡಿನ ಯೋಜನೆಯೂ ಕೈಗೂಡಲಿಲ್ಲ. ಗೆದ್ದದ್ದು ವಿಶಾಖಪಟ್ಟಣ. 2001ರಲ್ಲಿ ನಿವೃತ್ತಿಯಾದ ಕುರ್ಸುರಾ ಜಲಾಂತರ್ಗಾಮಿಯನ್ನು ಅಲ್ಲಿ ದಡಕ್ಕೆ ಎಳೆದು ತಂದದ್ದು ಸುಮಾರು 600 ಮೀಟರ್ ಮಾತ್ರ. ಅಷ್ಟಕ್ಕೇ 18 ತಿಂಗಳು, ಐದೂವರೆ ಕೋಟಿ ರೂಪಾಯಿ ಬೇಕಾಯಿತು. 2002ರಿಂದ ಜನ ಅದರೊಳಗೆ ನಡೆದಾಡುತ್ತಿದ್ದಾರೆ, ನಿವೃತ್ತ ನಾವಿಕರು ಜೊತೆಗಿದ್ದು ವಿವರಿಸುತ್ತಾರೆ.

ಎಳೆದು ತರುವುದಕ್ಕಿಂತ ಕಷ್ಟದ ಕೆಲಸ ತುಕ್ಕಿನೊಡನೆ ಸೆಣಸುವುದು. ಜಲಾಂತರ್ಗಾಮಿಯ ಒಳಗವಚ ದಪ್ಪ ಉಕ್ಕಿನದು, ಬೇಗ ಹಾಳಾಗದು. ಅದರ ಹೊರಗಿನ ತೆಳು ಹೊದಿಕೆ, ಸಮುದ್ರದ ನೀರು ತುಂಬಿ ಬಿಡುವ ತೊಟ್ಟಿಗಳು, ಕೈ ತೂರದ ಸಂದುಗಳು ಮಾತ್ರ ಒಳಗಿಂದೊಳಗೇ ತಿಂದುಹೋಗುತ್ತವೆ. ಹೊರಗೆ ಬಳಿದ ಬಣ್ಣ ಅಲ್ಲಿಗೆ ತಲುಪುವುದೇ ಇಲ್ಲ. ನೀರಲ್ಲೇ ಕಟ್ಟಿ ನಿಲ್ಲಿಸಿದರೂ ಗಂಡಾಂತರ ತಪ್ಪದು. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಪ್ರದರ್ಶನಕ್ಕಿದ್ದ ಸೋವಿಯತ್ ಕಾಲದ ಕೆ-77, 2007ರ ಬಿರುಗಾಳಿಗೆ ಮುಳುಗಿ ಕೊನೆಗೆ ಗುಜರಿಯಾಯಿತು. ಶಿಕಾಗೋದವರು ಜರ್ಮನಿಯ ಯು-505 ಅನ್ನು 1954ರಿಂದ ಐವತ್ತು ವರ್ಷ ಬಯಲಲ್ಲಿ ಇಟ್ಟು, ಮಳೆ ಹಿಮಕ್ಕೆ ಅದು ಸವೆಯುವುದನ್ನು ಕಂಡು, 2004ರಲ್ಲಿ ನೆಲದಡಿಯ ಸಭಾಂಗಣಕ್ಕೆ ಇಳಿಸಿದರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾರವಾರಕ್ಕೆ ನನ್ನ ಮಟ್ಟಿಗೆ ಇದೇ ಪಾಠ: ಶಲ್ಕಿ ಬಂದರೆ ನೆಲದ ಮೇಲೆ ಬರಲಿ, ತಲೆಯ ಮೇಲೆ ಸೂರಿರಲಿ.

ಜಿಲ್ಲೆಯಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಜನ ಬೀದಿಗಿಳಿದಿರುವಾಗ ಇದಕ್ಕೆ ದುಡ್ಡೇಕೆ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಆಸ್ಪತ್ರೆಯ ಒಂದು ಪೈಸೆಯೂ ಇತ್ತ ತಿರುಗಬಾರದು. ಪ್ರವಾಸೋದ್ಯಮದ ಅನುದಾನ, ನೌಕಾಪಡೆಯ ನೆರವು, ಟಿಕೆಟ್ಟಿನ ಹಣ ಇವಿಷ್ಟರಲ್ಲೇ ಇದು ನಡೆಯಬೇಕು. ಮೀನುಗಾರರ ಆತಂಕ ಇದಕ್ಕಿಂತ ದೊಡ್ಡದು. ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲದಂಡೆ ಬಿಟ್ಟುಕೊಟ್ಟಿವೆ. ಬಂದರು ವಿಸ್ತರಣೆ ಕಾರವಾರದ ಟಾಗೋರ್ ತೀರವನ್ನು ನುಂಗುತ್ತದೆಂದು 2020ರಲ್ಲಿ ಅವರು ಪ್ರತಿಭಟಿಸಿದ್ದನ್ನು ಮರೆಯುವ ಹಾಗಿಲ್ಲ. ದೋಣಿ ಎಳೆಯುವ, ಬಲೆ ಒಣಗಿಸುವ ಒಂದು ಗೇಣು ಮರಳನ್ನೂ ಮುಟ್ಟದೆ, ಅವರನ್ನು ಕೂರಿಸಿಕೊಂಡೇ ಜಾಗ ಗೊತ್ತುಮಾಡಬೇಕು. ಅಲ್ಲಿನ ಕೆಲಸಗಳಲ್ಲಿ ನಿರಾಶ್ರಿತರ ಮಕ್ಕಳಿಗೆ ಮೊದಲ ಹಕ್ಕು ಸಿಗಬೇಕು.

ಚಪಲ್ ಯುದ್ಧನೌಕೆ ಈಗಾಗಲೇ ಕಾರವಾರದ ತೀರದಲ್ಲಿದೆ, ಅರಕ್ಕೋಣಂನಿಂದ ಬಿಚ್ಚಿ ತಂದು ಜೋಡಿಸಿದ ಟುಪೊಲೆವ್ ವಿಮಾನವೂ ಇದೆ, ಇನ್ನೊಂದೇಕೆ ಎನ್ನುವವರೂ ಇದ್ದಾರೆ. ಮೂರಕ್ಕೂ ಸೇರಿ ಒಂದೇ ನಿರ್ವಹಣಾ ನಿಧಿ, ಒಂದೇ ಕೆಲಸಗಾರರ ತಂಡ ಇದ್ದರೆ ಈಗಿರುವ ಎರಡೂ ಚೆನ್ನಾಗಿ ಉಳಿಯುತ್ತವೆ. ಹಾಗಾಗಿ ನಿಮ್ಮ ಗ್ರಾಮಸಭೆಯಲ್ಲಿ, ನಗರಸಭೆಯಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ ಈ ಮಾತೆತ್ತಿ. ಜಿಲ್ಲಾಡಳಿತಕ್ಕೂ ಶಾಸಕ, ಸಂಸದರಿಗೂ ಪತ್ರ ಬರೆಯಿರಿ. ಶಲ್ಕಿಯನ್ನು ಕಾರವಾರಕ್ಕೆ ಕಾದಿರಿಸುವಂತೆ ಅವರು ರಕ್ಷಣಾ ಸಚಿವಾಲಯವನ್ನು ಈಗಲೇ ಕೇಳಲಿ; ಟಿಕೆಟ್ಟಿನ ಹಣ ಬೇರಾವ ಖಾತೆಗೂ ಹೋಗದೆ ನೌಕೆಯ ದುರಸ್ತಿಗೇ ಮೀಸಲೆಂದು ಲಿಖಿತ ಆದೇಶವಾಗಲಿ. ಈ ಎರಡನೆಯದು ಆಗದಿದ್ದರೆ ಮೊದಲನೆಯದನ್ನು ಕೇಳುವುದೇ ಬೇಡ.